ಅಂಕಿ ಎಲ್ಲಿಂದ ಬಂತು, ಮೊದಲು ಅದನ್ನ ಕೇಳು

"ಸರ, ಡೇಟಾ ಸೈನ್ಸಿಗೆ ಸ್ಕೋಪ್ ಐತೇನ್ರಿ?"

ಸಿಇಟಿ ಫಲಿತಾಂಶ ಬಂತೆಂದರೆ ಈ ಪ್ರಶ್ನೆ ನಮ್ಮ ಮನೆ ಬಾಗಿಲಿಗೂ ಬಂತು ಅಂತಲೇ ಲೆಕ್ಕ. ರಾಯಬಾಗದ ಹುಡುಗ ಅಪ್ಪನ ಬೈಕಿನ ಹಿಂದೆ ಕುಳಿತು ಬರುತ್ತಾನೆ, ಕಾಗವಾಡದ ಹುಡುಗಿ ಅಣ್ಣನ ಜೊತೆ ಬರುತ್ತಾಳೆ. ಕೋರ್ಸ್ ಮುಗಿಸಿ ಕೂತವರದು ಬೇರೆಯೇ ಮಾತು: "ಸರ, ಎಲ್ಲಾ ಕಡೆ ಹಾಕೇನ್ರಿ, ಯಾರೂ ಕರೀವಲ್ರು." ನಾನು ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತನಾದವನು. ಕಂಪನಿ ನಡೆಸಿದವನಲ್ಲ. ಆದರೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇವತ್ತು ಪುಣೆಯಲ್ಲಿ, ಬೆಂಗಳೂರಿನಲ್ಲಿ ಮೇಜಿನ ಆ ಕಡೆ ಕೂತು ಹುಡುಗರನ್ನು ಆರಿಸುವವರು. ಯಡೂರಿನ ಜಾತ್ರೆಗೆ ಊರಿಗೆ ಬಂದಾಗ ಅವರು ಹೇಳುವುದನ್ನು ಕೇಳಿದ್ದೇನೆ. ಅದನ್ನೂ, ನನಗೆ ತಿಳಿದದ್ದನ್ನೂ ಸೇರಿಸಿ ಇಲ್ಲಿ ಹೇಳುತ್ತೇನೆ. ತಮ್ಮಾ, ತಂಗೀ, ಸಿಟ್ಟಾಗದೆ ಕೇಳಬೇಕು.

ಸ್ಕೋಪ್ ಇದೆ. ಆದರೆ ನೀನು ಅಂದುಕೊಂಡ ಜಾಗದಲ್ಲಿ ಇಲ್ಲ. 'ಡೇಟಾ ಸೈಂಟಿಸ್ಟ್' ಎನ್ನುವ ಹೆಸರಿಗೆ ಈ ಮೆರುಗು ಬಂದದ್ದು 2012ರ ಅಕ್ಟೋಬರಿನಲ್ಲಿ. ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಥಾಮಸ್ ಡ್ಯಾವೆನ್‌ಪೋರ್ಟ್ ಮತ್ತು ಡಿ.ಜೆ. ಪಾಟೀಲ ಸೇರಿ, ಇಪ್ಪತ್ತೊಂದನೇ ಶತಮಾನದ ಎಲ್ಲಕ್ಕಿಂತ ಆಕರ್ಷಕ ಉದ್ಯೋಗ ಇದೇ ಎಂದು ಬರೆದರು. ಆಗ ಆ ಕೆಲಸ ಮಾಡುತ್ತಿದ್ದವರಲ್ಲಿ ಬಹಳ ಜನ ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದವರು, ಸಂಖ್ಯೆಯ ಜೊತೆ ಎಷ್ಟೋ ವರ್ಷ ಜಗಳಾಡಿ ಬಂದವರು. ನಾವು ಏನು ಮಾಡಿದೆವು? ಆ ಹೆಸರನ್ನು ಎತ್ತಿ ನಾಲ್ಕು ವರ್ಷದ ಬಿ.ಇ.ಗೆ ಅಂಟಿಸಿದೆವು, ಆರು ತಿಂಗಳ ಕ್ಲಾಸಿಗೂ ಅಂಟಿಸಿದೆವು. ಈಗ ವಿಟಿಯು ಕೆಳಗೆ ಡೇಟಾ ಸೈನ್ಸ್, ಎಐ ಅಂತ ಬೋರ್ಡು ಹಾಕಿದ ಸೀಟುಗಳಿಗೆ ಬರವಿಲ್ಲ. ಓದುವುದು ತಪ್ಪು ಅನ್ನುತ್ತಿಲ್ಲ. ಕೋರ್ಸಿನ ಹೆಸರೂ ಮೊದಲ ನೌಕರಿಯ ಹೆಸರೂ ಒಂದೇ ಇರುತ್ತದೆ ಅಂತ ನಂಬಿಕೊಂಡು ಹೊರಟರೆ ನಿರಾಸೆ ಖಾತ್ರಿ, ಅಷ್ಟೇ. ಮೊದಲ ನೌಕರಿ ಡೇಟಾ ಅನಲಿಸ್ಟ್, ಎಂಐಎಸ್ ಎಕ್ಸಿಕ್ಯುಟಿವ್, ರಿಪೋರ್ಟಿಂಗ್, ಡೇಟಾ ಎಂಜಿನಿಯರ್ ಕೈಕೆಳಗಿನವನು, ಇಲ್ಲವೇ ಯಾವುದೋ ಬ್ಯಾಂಕಿನ ಸಾಲ ವಿಭಾಗದಲ್ಲಿ ಎಕ್ಸೆಲ್ ಹಾಳೆ ನೋಡಿಕೊಳ್ಳುವವನು, ಹೀಗೆ ಬರುತ್ತದೆ. ಮೂರ್ನಾಲ್ಕು ವರ್ಷ ಅಲ್ಲಿ ಸವೆದ ಮೇಲೆ ಆ ದೊಡ್ಡ ಹೆಸರು ತಾನಾಗಿಯೇ ಬರುತ್ತದೆ. ಬರದಿದ್ದರೂ ಸಂಬಳ ಬರುತ್ತದೆ.

ಇನ್ನು ಜರಡಿಯ ವಿಷಯ. ಮೊದಲ ಜರಡಿಗೆ ನಿನ್ನ ಬುದ್ಧಿಯ ಗುರುತಿಲ್ಲ, ನಿನ್ನ ಅಂಕಪಟ್ಟಿಯ ಗುರುತು ಮಾತ್ರ. ಹತ್ತನೇ ತರಗತಿ, ಪಿಯುಸಿ, ಡಿಗ್ರಿ ಮೂರರಲ್ಲೂ 60 ಪ್ರತಿಶತ, ಬಾಕಿ ಉಳಿದ ಪೇಪರ್ ಇರಬಾರದು ಎಂಬಂಥ ನಿಯಮ ಹಲವು ದೊಡ್ಡ ಐಟಿ ಕಂಪನಿಗಳಲ್ಲಿ ಇವತ್ತಿಗೂ ಇದೆ. ಇದು ನ್ಯಾಯವೇ ಎಂದು ಕೇಳಿದರೆ ಅಲ್ಲ ಅಂತಲೇ ಹೇಳುತ್ತೇನೆ. ಹತ್ತನೇ ತರಗತಿಯಲ್ಲಿದ್ದಾಗ ಮನೆಗೆ ಹೊಳೆ ನೀರು ಹೊಕ್ಕವನಿಗೂ, ಮನೆಪಾಠಕ್ಕೆ ಹೋದವನಿಗೂ ಒಂದೇ ಗೆರೆ. ಆದರೆ ಗೆರೆ ಇದೆ, ಗೊಣಗಿದರೆ ಅಳಿಸುವುದಿಲ್ಲ. ಕೆಳಗೆ ಬಿದ್ದವನಿಗೆ ದೊಡ್ಡ ಕಂಪನಿಯ ಮುಂಬಾಗಿಲು ಮುಚ್ಚಿರುತ್ತದೆ, ಸಣ್ಣ ಕಂಪನಿಗಳದು ಮುಚ್ಚಿರುವುದಿಲ್ಲ. ಎರಡನೆಯ ಜರಡಿ ಆ್ಯಪ್ಟಿಟ್ಯೂಡ್ ಮತ್ತು ಕೋಡಿಂಗ್ ಪರೀಕ್ಷೆ. ಟಿಸಿಎಸ್‌ನ ಎನ್‌ಕ್ಯೂಟಿ ಇದೇ ಜಾತಿಯದು. ಅಲ್ಲಿ ಬೀಳುವವರು ಕಷ್ಟದ ಗಣಿತಕ್ಕೆ ಬೀಳುವುದಿಲ್ಲ. ಶೇಕಡಾವಾರು, ಅನುಪಾತ, ಕೆಲಸ-ಕಾಲದ ಲೆಕ್ಕವನ್ನು ಗಡಿಯಾರ ನೋಡುತ್ತ ಮಾಡುವ ರೂಢಿ ಇರುವುದಿಲ್ಲ, ಅದಕ್ಕೇ ಬೀಳುತ್ತಾರೆ.

ಆಫರ್ ಲೆಟರ್ ಕೈಗೆ ಬಂದರೂ ಜರಡಿ ಮುಗಿಯಲಿಲ್ಲ. 2025ರ ಫೆಬ್ರುವರಿಯಲ್ಲಿ ಮೈಸೂರಿನ ಇನ್ಫೋಸಿಸ್ ಆವರಣದಿಂದ 300ಕ್ಕೂ ಹೆಚ್ಚು ಟ್ರೇನಿಗಳು ಮನೆಗೆ ಮರಳಿದರು. ಒಳಗಿನ ಪರೀಕ್ಷೆಯನ್ನು ಮೂರು ಅವಕಾಶದಲ್ಲೂ ದಾಟಲಿಲ್ಲ ಎಂಬುದು ಕಂಪನಿ ಕೊಟ್ಟ ಕಾರಣ. ಅದೇ ವರ್ಷ ಜುಲೈನಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಸುಮಾರು 2 ಪ್ರತಿಶತ, ಅಂದರೆ 12,000ಕ್ಕೂ ಹೆಚ್ಚು ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿತು. ಹೆದರಿಸುವುದಕ್ಕೆ ಇದನ್ನು ಹೇಳುತ್ತಿಲ್ಲ. "ಒಮ್ಮೆ ಸೇರಿದ್ರ ಸಾಕ್ರಿ" ಎನ್ನುವ ಅಪ್ಪಂದಿರಿಗೆ ಹೇಳುತ್ತಿದ್ದೇನೆ.

ಆಫರಿಗೆ ಮೊದಲು ಬರುವ ಮೂರನೆಯ ಜರಡಿ ಎದುರುಬದುರು ಸಂದರ್ಶನ, ನಾನು ಬಹಳ ಹೇಳಬೇಕಾದದ್ದು ಅದರ ಬಗ್ಗೆ. ಅಲ್ಲಿ ಮೊದಲು ಕೇಳುವುದು ಎಸ್‌ಕ್ಯೂಎಲ್. ಎರಡು ಟೇಬಲ್ ಜೋಡಿಸು, ಇಲಾಖೆವಾರು ಮೊತ್ತ ತೆಗೆ, ಎರಡನೆಯ ಅತಿ ಹೆಚ್ಚು ಸಂಬಳ ಯಾರದು ಹೇಳು. ಡೀಪ್ ಲರ್ನಿಂಗ್ ಕಲಿತು ಎಸ್‌ಕ್ಯೂಎಲ್ ಕಲಿಯದೆ ಬಂದವರು ಇಲ್ಲಿಯೇ ಮುಗ್ಗರಿಸುತ್ತಾರೆ. ಆಮೇಲೆ ಎಕ್ಸೆಲ್, ಸ್ವಲ್ಪ ಪೈಥಾನ್. ಆಮೇಲೆ, "ನಿನ್ನ ಪ್ರಾಜೆಕ್ಟ್ ಬಗ್ಗೆ ಹೇಳು." ಹತ್ತರಲ್ಲಿ ಎಂಟು ಮಂದಿಯ ರೆಸ್ಯುಮೆಯಲ್ಲಿ ಅದೇ ಎರಡು ಹೆಸರು ಇರುತ್ತವೆ ಎಂದು ನನ್ನ ಹುಡುಗರು ನಗುತ್ತಾರೆ: ಐರಿಸ್ ಹೂವು, ಟೈಟಾನಿಕ್ ಹಡಗು. ಐರಿಸ್ ಅಂದರೆ 1936ರಲ್ಲಿ ರೊನಾಲ್ಡ್ ಫಿಶರ್ ಬಳಸಿದ 150 ಹೂವುಗಳ ಅಳತೆ. ಟೈಟಾನಿಕ್ ಅಂದರೆ ಕ್ಯಾಗಲ್ ಜಾಲತಾಣದ 891 ಪ್ರಯಾಣಿಕರ ಪಟ್ಟಿ. ಕಲಿಯಲು ಎರಡೂ ಚಂದ. ಆದರೆ ಅವನ್ನು ಬೇರೆಯವರು ಎಂದೋ ಹಸನು ಮಾಡಿಟ್ಟಿದ್ದಾರೆ. ಪ್ರಶ್ನೆಯೂ ಅವರದೇ, ಉತ್ತರವೂ ಇಂಟರ್ನೆಟ್‌ನಲ್ಲಿ ಸಿಗುತ್ತದೆ. ಅದರಲ್ಲಿ ನೀನು ಎಲ್ಲಿದ್ದೀ?

ಸಂದರ್ಶನ ಮಾಡುವವನು ನಿಜಕ್ಕೂ ಹುಡುಕುವುದು ಒಂದೇ ಗುಣ. ಕಣ್ಣೆದುರಿನ ಅಂಕಿ ಎಲ್ಲಿಂದ ಬಂತು, ಯಾರು ಬರೆದರು, ಯಾಕೆ ಬರೆದರು, ತಪ್ಪಿರಬಹುದೇ ಎಂದು ಈ ಹುಡುಗ ಅನುಮಾನಪಡುತ್ತಾನೋ ಇಲ್ಲವೋ. ನಮ್ಮ ಕಡೆಯ ಮಕ್ಕಳಿಗೆ ಈ ಗುಣ ಹುಟ್ಟಿನಿಂದ ಬರಬೇಕು. ಯಾಕೆ ಅಂತೀಯಾ? ಕಬ್ಬು.

ಉಗಾರ, ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಯಡ್ರಾವ, ಯಾವ ದಿಕ್ಕಿಗೆ ಹೋದರೂ ನಮ್ಮಲ್ಲಿ ಸಕ್ಕರೆ ಕಾರ್ಖಾನೆ ಇದೆ. ಮನೆಯಲ್ಲಿ ಊಟಕ್ಕೆ ಕೂತಾಗ ಮಾತು ಏನು? ರಿಕವರಿ ಎಷ್ಟು, ಕಾಟಾ ಸರಿ ಇದೆಯೇ, ಬಿಲ್ಲು ಯಾವಾಗ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಕಬ್ಬಿನ ಕನಿಷ್ಠ ದರ, ಅಂದರೆ ಎಫ್‌ಆರ್‌ಪಿ, 10.25 ಪ್ರತಿಶತ ರಿಕವರಿಗೆ ಕ್ವಿಂಟಲಿಗೆ 355 ರೂಪಾಯಿ. ಅದಕ್ಕಿಂತ ಮೇಲೆ ಪ್ರತಿ 0.1 ಪ್ರತಿಶತಕ್ಕೆ 3 ರೂಪಾಯಿ 46 ಪೈಸೆ. ಅಂದರೆ ರಿಕವರಿಯ ಲೆಕ್ಕ ಅರ್ಧ ಪ್ರತಿಶತ ಆಚೀಚೆ ಆದರೆ ಟನ್ನಿಗೆ 173 ರೂಪಾಯಿ ಆಚೀಚೆ. ಎಕರೆಗೆ 40 ಟನ್ ಬೆಳೆದವನಿಗೆ 6,920 ರೂಪಾಯಿ. ನಿನ್ನ ಅಜ್ಜ ಶಾಲೆಗೆ ಹೋಗದಿದ್ದರೂ ಈ ಅಂಕಿಯನ್ನು ಸುಮ್ಮನೆ ನಂಬುತ್ತಿರಲಿಲ್ಲ. ಡಿಗ್ರಿ ಮಾಡಿದ ನೀನು ಸಿಎಸ್‌ವಿ ಫೈಲಿನಲ್ಲಿ ಬಂದದ್ದನ್ನೆಲ್ಲ ನಂಬುತ್ತೀ!

ಒಂದು ಉದಾಹರಣೆ ಹೇಳುತ್ತೇನೆ. ಕಾರ್ಖಾನೆಯ ಒಂದು ಹಂಗಾಮಿನ ದಿನವಾರು ಲೆಕ್ಕ ನಿನ್ನ ಕೈಗೆ ಸಿಕ್ಕಿತು ಅಂತಿಟ್ಟುಕೋ. ಅರೆದ ಕಬ್ಬು, ತಳಿ, ರಸದ ಗುಣ ಹೇಳುವ ಬ್ರಿಕ್ಸ್, ಪೋಲ್, ಉಷ್ಣತೆ, ತುಂಬಿದ ಚೀಲ, ರಿಕವರಿ, ಎಲ್ಲ ಕಾಲಂ ಇವೆ. ರಿಕವರಿ ಊಹಿಸುವ ಮಾಡೆಲ್ ಕಟ್ಟಿದೆ. ನಿಖರತೆ 99 ಪ್ರತಿಶತ ಬಂತು. ಖುಷಿಯಿಂದ ರೆಸ್ಯುಮೆಯಲ್ಲಿ ಬರೆದೆ. ತಿಳಿದವನು ನೋಡಿದರೆ ಮೊದಲ ನಿಮಿಷಕ್ಕೇ ಹಿಡಿಯುತ್ತಾನೆ. ರಿಕವರಿ ಅಂದರೇನೇ ಅರೆದ ಕಬ್ಬಿಗೆ ಬಂದ ಸಕ್ಕರೆಯ ಪ್ರಮಾಣ. ಕಬ್ಬಿನ ತೂಕವನ್ನೂ ಚೀಲದ ಸಂಖ್ಯೆಯನ್ನೂ ಮಾಡೆಲಿಗೆ ಕೊಟ್ಟ ಮೇಲೆ ಅದು ಊಹಿಸಿದ್ದೇನು, ಭಾಗಾಕಾರ ಮಾಡಿತು ಅಷ್ಟೇ. ನಾಳೆಯ ರಿಕವರಿ ಹೇಳು ಎಂದರೆ ನಾಳೆಯ ಚೀಲ ಯಾರು ಎಣಿಸಿಕೊಡಬೇಕು? ಇದಕ್ಕೆ ಡೇಟಾ ಲೀಕೇಜ್ ಅನ್ನುತ್ತಾರೆ. ಪುಸ್ತಕದ ವ್ಯಾಖ್ಯೆ ಒಪ್ಪಿಸುವವನಿಗಿಂತ ಕಬ್ಬಿನಲ್ಲಿ ಅದನ್ನು ತೋರಿಸಿಕೊಡುವ ಹುಡುಗಿ ನೆನಪಿನಲ್ಲಿ ಉಳಿಯುತ್ತಾಳೆ.

ಇನ್ನೂ ಒಂದು ಹೆಜ್ಜೆ ಒಳಗೆ ಬಾ. 265 ತಳಿಗೆ ತೂಕ ಬರುತ್ತದೆ, ರಿಕವರಿ ಬರುವುದಿಲ್ಲ, 86032 ಹಾಗಲ್ಲ ಅಂತ ಕಾರ್ಖಾನೆಯವರು ಮೊದಲಿನಿಂದ ಹೇಳುತ್ತಾರೆ. ನಿನ್ನ ಹಾಳೆಯಲ್ಲೂ ಹಾಗೇ ಕಾಣುತ್ತದೆ ಅನ್ನೋಣ. ತಕ್ಷಣ ತೀರ್ಪು ಕೊಡಬೇಡ. 265 ಸವಳು ನೆಲ ತಾಳಿಕೊಳ್ಳುವ ತಳಿ. ಹೊಳೆ ದಂಡೆಯಲ್ಲಿ ನೀರು ಹೆಚ್ಚಾಗಿ ಸವಳಾದ ಹೊಲಕ್ಕೆ ರೈತ ಬೇಕೆಂದೇ ಅದನ್ನು ಹಚ್ಚಿರಬಹುದು. ಹಾಗಾದರೆ ಕಡಿಮೆ ರಿಕವರಿಯಲ್ಲಿ ತಳಿಯ ಪಾಲೆಷ್ಟು, ಮಣ್ಣಿನ ಪಾಲೆಷ್ಟು? ಕಡಿದ ಕಬ್ಬು ಗಾಡಿಯಲ್ಲಿ ಎರಡು ದಿನ ಒಣಗಿ ಅರೆಯಲು ಹೋದರೆ ಸಕ್ಕರೆ ಇಳಿಯುತ್ತದೆ. ಹಾಳೆಯಲ್ಲಿ ಬರೆದ ತಾರೀಕು ಕಡಿದದ್ದೋ, ಯಾರ್ಡಿಗೆ ಬಂದದ್ದೋ, ಅರೆದದ್ದೋ? ಇಂಥ ಪ್ರಶ್ನೆ ಕೇಳಿದ ದಿನ ನೀನು ಅರ್ಧ ಡೇಟಾ ಸೈಂಟಿಸ್ಟ್. ಉಳಿದರ್ಧವನ್ನು ಕಂಪನಿಯವರು ಕಲಿಸಿಕೊಳ್ಳುತ್ತಾರೆ.

ಇದು ಹೊಸ ವಿದ್ಯೆ ಅಂತಲೂ ತಿಳಿಯಬೇಡ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಬುಧ ಎಂಬ ಊರಲ್ಲಿ 1911ರಲ್ಲಿ ಹುಟ್ಟಿದ ಪಾಂಡುರಂಗ ಸುಖಾತ್ಮೆ ಎಂಬ ಸಂಖ್ಯಾಶಾಸ್ತ್ರಜ್ಞ, 1940ರ ದಶಕದಲ್ಲೇ ಪಿ.ಸಿ. ಮಹಾಲನೋಬಿಸ್ ಅಂಥ ಘಟಾನುಘಟಿಯ ಜೊತೆ ಒಂದು ತುಂಡು ಹೊಲಕ್ಕಾಗಿ ವಾದಕ್ಕೆ ನಿಂತರು. ಬೆಳೆ ಇಳುವರಿ ಅಂದಾಜಿಗೆ ಸಣ್ಣ ಸಣ್ಣ ತುಂಡು ಕಟಾವು ಮಾಡಿದರೆ ಸಾಕು, ಖರ್ಚು ಉಳಿಯುತ್ತದೆ ಎನ್ನುವುದು ಮಹಾಲನೋಬಿಸ್ ಕಡೆಯ ವಾದ. ತುಂಡು ಸಣ್ಣದಾದಷ್ಟೂ ಅಂಚಿನ ಮೇಲಿನ ಗಿಡಗಳನ್ನು ಕಟಾವು ಮಾಡುವವನ ಕೈ ಒಳಗೇ ಎಳೆದುಕೊಳ್ಳುತ್ತದೆ, ಇಳುವರಿ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ ಎಂದು ಸುಖಾತ್ಮೆ ತೋರಿಸಿಕೊಟ್ಟರು. ನೋಡು, ಸೂತ್ರದಲ್ಲಿ ತಪ್ಪಿಲ್ಲ, ಕಂಪ್ಯೂಟರ್ ಅಂತೂ ಇಲ್ಲವೇ ಇಲ್ಲ. ತಪ್ಪು ಇದ್ದದ್ದು ಕುಡುಗೋಲು ಹಿಡಿದ ಕೈಯಲ್ಲಿ. ಇವತ್ತೂ ಬೆಳೆ ವಿಮೆಗೆ ನಿಮ್ಮೂರಿನಲ್ಲಿ ಬೆಳೆ ಕಟಾವು ಪ್ರಯೋಗ ನಡೆಯುತ್ತದೆ. ಹಗ್ಗ ಹಿಡಿದು ಚೌಕ ಅಳೆಯುವ ಆ ನೌಕರನ ಹಿಂದೆ ಒಂದು ಮುಂಜಾನೆ ಹೋಗಿ ನಿಲ್ಲು. ಬೆಳೆ ಸಮೀಕ್ಷೆಗೆ ಮೊಬೈಲ್ ಹಿಡಿದು ಹೊಲ ಹೊಲ ತಿರುಗಿದ ಹುಡುಗ ನಿಮ್ಮ ಓಣಿಯಲ್ಲೇ ಇರುತ್ತಾನೆ. ಕಬ್ಬಿನ ನಡುವೆ ಹಾಕಿದ ಸೋಯಾ ಯಾವ ಕಾಲಂಗೆ ಹೋಯಿತು ಎಂದು ಅವನನ್ನು ಕೇಳು. ಯಾವ ಆನ್‌ಲೈನ್ ಕೋರ್ಸೂ ಇದನ್ನು ಕಲಿಸುವುದಿಲ್ಲ.

ಹಾಗಾದರೆ ಪ್ರಾಜೆಕ್ಟ್ ಏನು ಮಾಡಲಿ ಎಂದು ಕೇಳುತ್ತೀ. ನಾನಾಗಿದ್ದರೆ ಕೃಷ್ಣಾ ನದಿಯ ಕಲ್ಲೋಳ-ಯಡೂರ ಸೇತುವೆ ಹಿಡಿಯುತ್ತಿದ್ದೆ.

ಮಳೆಗಾಲದಲ್ಲಿ ನಮ್ಮ ಕಡೆಯ ಪತ್ರಿಕೆಗಳಲ್ಲಿ ದಿನಾ ಒಂದು ಸುದ್ದಿ ಬರುತ್ತದೆ: ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯುಸೆಕ್, ದೂಧಗಂಗೆಯಿಂದ ಇಷ್ಟು, ಕಲ್ಲೋಳದ ಬಳಿ ಕೃಷ್ಣೆಗೆ ಒಟ್ಟು ಇಷ್ಟು, ಇಂತಿಂಥ ಸೇತುವೆ ಮುಳುಗಡೆ. ಕೊಯ್ನಾ ಜಲಾಶಯದ ಮಟ್ಟವೂ ಅದರಲ್ಲೇ ಇರುತ್ತದೆ. ಅದರ ಸಾಮರ್ಥ್ಯ 105.25 ಟಿಎಂಸಿ. ಕೊಯ್ನೆ ಕರಾಡದಲ್ಲಿ ಕೃಷ್ಣೆಗೆ ಸೇರುತ್ತದೆ, ಸಾಂಗಲಿ ಹತ್ತಿರ ವಾರಣಾ ಸೇರುತ್ತದೆ, ನರಸೋಬಾವಾಡಿಯಲ್ಲಿ ಪಂಚಗಂಗೆ ಸೇರುತ್ತದೆ, ಆಮೇಲೆ ರಾಜಾಪುರ, ಆಮೇಲೆ ನಾವು. ಹಳೆಯ ಪತ್ರಿಕೆಗಳನ್ನು ತಿರುವಿ ಈ ಅಂಕಿಗಳನ್ನು ದಿನವಾರು ಒಂದು ಹಾಳೆಗೆ ಇಳಿಸು. 2019ರ ಆಗಸ್ಟ್, 2021ರ ಜುಲೈ ಎರಡೂ ಪ್ರವಾಹ ಅದರಲ್ಲಿ ಬರಲಿ. ಪ್ರಶ್ನೆ ಸರಳ: ಕೊಯ್ನೆಯಿಂದ ನೀರು ಬಿಟ್ಟ ಎಷ್ಟು ಹೊತ್ತಿಗೆ, ರಾಜಾಪುರದಲ್ಲಿ ಎಷ್ಟು ಕ್ಯುಸೆಕ್ ದಾಟಿದರೆ, ಕಲ್ಲೋಳದ ಸೇತುವೆಯ ಮೇಲೆ ನೀರು ಬರುತ್ತದೆ? ಕುಡಚಿ-ಉಗಾರ ಸೇತುವೆಗೆ ಅದಾದ ಮೇಲೆ ಎಷ್ಟು ಹೊತ್ತು?

ಕೂತು ಮಾಡುವಾಗ ಗೊತ್ತಾಗುತ್ತದೆ. ಒಂದು ಪತ್ರಿಕೆ ಬೆಳಗಿನ ಅಂಕಿ ಹಾಕಿದೆ, ಇನ್ನೊಂದು ಸಂಜೆಯದು. ಒಂದು ಕಡೆ ಸೊನ್ನೆ ಬಿಟ್ಟುಹೋಗಿ ಒಂದೂವರೆ ಲಕ್ಷ ಹದಿನೈದು ಸಾವಿರವಾಗಿದೆ. ಮುಳುಗಿದ ದಿನ ಸುದ್ದಿಯಾಗುತ್ತದೆ, ಇಳಿದ ದಿನ ಯಾರೂ ಬರೆಯುವುದಿಲ್ಲ. ಮೂರು ದಿನ ಅಂಕಿಯೇ ಇಲ್ಲ. ನದಿ ಶಾಂತವಾಗಿತ್ತೋ, ವರದಿಗಾರನ ಊರೇ ನೀರಲ್ಲಿತ್ತೋ? ಪ್ರವಾಹದ ದಿನದ ಅಂಕಿಯೇ ಕಾಣೆಯಾದರೆ ನಿನ್ನ ಸರಾಸರಿ ಎಷ್ಟು ಸುಳ್ಳು ಹೇಳುತ್ತದೆ? ಈ ಗೋಳನ್ನೆಲ್ಲ ಬರೆದಿಡು. ಯಾವ ಸಾಲನ್ನು ತಿದ್ದಿದೆ, ಯಾವುದನ್ನು ಕೈಬಿಟ್ಟೆ, ಯಾಕೆ, ಎಲ್ಲವನ್ನೂ. ಅದನ್ನು ಗಿಟ್‌ಹಬ್‌ನಲ್ಲಿ ಹಾಕು. ಮಾಡೆಲ್ ಏನು ಬೇಕಾದರೂ ಇರಲಿ, ಒಂದು ಸರಳ ರಿಗ್ರೆಶನ್ ಸಾಕು. 2021ನ್ನು ಮುಚ್ಚಿಟ್ಟು, ಅದರ ಹಿಂದಿನ ವರ್ಷಗಳಿಂದ ಕಲಿಸಿ, 2021 ಸರಿ ಬರುತ್ತದೋ ನೋಡು. ಬರದಿದ್ದರೆ ಬರಲಿಲ್ಲ ಅಂತಲೇ ಬರೆ. ಪುಣೆಯ ಸಂದರ್ಶಕನಿಗೆ ಟೈಟಾನಿಕ್ ಮುಳುಗಿದ ಕಥೆ ಕೇಳಿ ಕೇಳಿ ಸಾಕಾಗಿದೆ, ಕಲ್ಲೋಳದ ಸೇತುವೆ ಮುಳುಗುವುದು ಅವನಿಗೆ ಹೊಸದು. ಅರ್ಧ ಗಂಟೆ ಅದರ ಮೇಲೇ ಪ್ರಶ್ನೆ ಕೇಳುತ್ತಾನೆ. ಎಲ್ಲಕ್ಕೂ ಉತ್ತರ ನಿನಗೆ ಗೊತ್ತಿರುತ್ತದೆ, ಯಾಕೆಂದರೆ ಆ ಅಂಕಿಗಳನ್ನು ಒಂದೊಂದಾಗಿ ಎತ್ತಿದವನು ನೀನೇ.

ಇನ್ನು ದುಡ್ಡಿನ ವಿಷಯ. ಇಲ್ಲಿ ನನ್ನ ದನಿ ಸ್ವಲ್ಪ ಏರಿದರೆ ಕ್ಷಮಿಸು.

ಎರಡು ಲಕ್ಷ, ಮೂರು ಲಕ್ಷ ಫೀ ಹೇಳಿ, ನೂರಕ್ಕೆ ನೂರು ಪ್ಲೇಸ್‌ಮೆಂಟ್ ಎಂದು ಫೋನ್ ಮಾಡುವವರು ಬಹಳ. ದುಡ್ಡಿಲ್ಲ ಎಂದರೆ ಇಎಂಐ ಮಾಡಿಸಿಕೊಡುತ್ತಾರೆ. ಕಾಗದ ಓದಿ ಸಹಿ ಮಾಡು. ಪಾಠ ಹೇಳುವವರು ಒಬ್ಬರು, ಸಾಲ ಕೊಡುವುದು ಬೇರೆ ಫೈನಾನ್ಸ್ ಕಂಪನಿ. ಪಾಠ ಸರಿಯಿಲ್ಲ ಎಂದು ನೀನು ಬಿಟ್ಟು ಬಂದರೂ ಕಂತು ನಿಲ್ಲುವುದಿಲ್ಲ. ಕಟ್ಟದಿದ್ದರೆ ಸಿಬಿಲ್ ಅಂಕ ಬೀಳುತ್ತದೆ, ನಾಳೆ ಅಪ್ಪ ಟ್ರ್ಯಾಕ್ಟರ್ ಸಾಲಕ್ಕೆ ಹೋದಾಗ ಜಾಮೀನಿನ ಜಾಗದಲ್ಲಿ ನಿನ್ನ ಹೆಸರು ಬರೆಯುವಂತಿಲ್ಲ. ಪ್ಲೇಸ್‌ಮೆಂಟ್ ಅಂಕಿಯನ್ನೂ ಅದೇ ಅನುಮಾನದಿಂದ ನೋಡು. ಹತ್ತು ಜನರಲ್ಲಿ ಒಬ್ಬನಿಗೆ 50 ಲಕ್ಷ, ಒಂಬತ್ತು ಜನಕ್ಕೆ ತಲಾ 3 ಲಕ್ಷ ಸಿಕ್ಕರೆ ಸರಾಸರಿ 7 ಲಕ್ಷ 70 ಸಾವಿರ. ಬ್ಯಾನರಿನ ಮೇಲೆ ಬರುವುದು ಇದೇ. ನಡುವಿನವನಿಗೆ ಸಿಕ್ಕದ್ದು 3 ಲಕ್ಷ. 95 ಪ್ರತಿಶತ ಪ್ಲೇಸ್‌ಮೆಂಟ್ ಎಂದರೆ ಯಾರಲ್ಲಿ 95? ಸೇರಿದವರಲ್ಲೋ, ಪರೀಕ್ಷೆಗೆ ಅರ್ಹರಾದವರಲ್ಲೋ? ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಅರ್ಜಿ ಹಾಕುವ ಕಾಲೇಜುಗಳು ತಮ್ಮ ಮಕ್ಕಳ ನಡುವಿನ ಸಂಬಳವನ್ನೇ, ಅಂದರೆ ಮೀಡಿಯನ್ ಅನ್ನು, ಕೊಡಬೇಕಾಗುತ್ತದೆ. ಆ ಕಾಗದ ಅವರ ಜಾಲತಾಣದಲ್ಲಿರುತ್ತದೆ. ಬ್ಯಾನರ್ ಬಿಟ್ಟು ಅದನ್ನು ತೆರೆದು ನೋಡು.

ದುಡ್ಡು ಕೊಟ್ಟರೆ ಎರಡು ವರ್ಷದ ಅನುಭವದ ಪತ್ರ ಕೊಡಿಸುತ್ತೇವೆ ಎನ್ನುವವರೂ ಇದ್ದಾರೆ. ಹತ್ತಿರ ಸುಳಿಯಬೇಡ. ನೀನು ನಿಜಕ್ಕೂ ಎಲ್ಲಿ ಕೆಲಸ ಮಾಡಿದೆ ಎನ್ನುವುದು ಪಿಎಫ್‌ನ ಯುಎಎನ್ ಖಾತೆಯಲ್ಲಿ, ಆದಾಯ ತೆರಿಗೆಯ 26ಎಎಸ್ ಹಾಳೆಯಲ್ಲಿ ಕಾಣುತ್ತದೆ. ಕಂಪನಿಗಳು ಸೇರಿದ ಮೇಲೂ ಪರಿಶೀಲಿಸುತ್ತವೆ. ಸಿಕ್ಕಿಬಿದ್ದರೆ ಆ ನೌಕರಿಯೂ ಹೋಯಿತು, ಮುಂದಿನದೂ ಹೋಯಿತು.

ಡೇಟಾ ಹೆಸರಿನಲ್ಲಿ ಇನ್ನೊಂದು ಕೆಲಸ ಬರುತ್ತದೆ, ಲೇಬಲಿಂಗ್. ಚಿತ್ರದಲ್ಲಿ ಕಾರಿನ ಸುತ್ತ ಗೆರೆ ಎಳೆ, ಧ್ವನಿ ಕೇಳಿ ಅಕ್ಷರಕ್ಕೆ ಇಳಿಸು, ಇಷ್ಟಕ್ಕೆ ಇಷ್ಟು ರೂಪಾಯಿ. ಕೆಟ್ಟ ಕೆಲಸವೇನಲ್ಲ. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆ ಚಾಮರಾಜನಗರ ಜಿಲ್ಲೆಯ ಹಳ್ಳಿಯ ಹೆಣ್ಣುಮಕ್ಕಳಿಂದ ಕನ್ನಡ ಓದಿಸಿ, ಧ್ವನಿ ಸಂಗ್ರಹಿಸಿ, ಒಳ್ಳೆಯ ಕೂಲಿಯನ್ನೇ ಕೊಟ್ಟಿತು. ಆದರೆ ಎಲ್ಲರೂ ಹಾಗಿಲ್ಲ. ನಿಪ್ಪಾಣಿಯ ಮಗಳಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ: ಸಾವಿರ ಬೀಡಿಗೆ ಇಷ್ಟು ಎಂದು ಕಟ್ಟಿಸಿಕೊಂಡು, ಇದು ಸರಿಯಿಲ್ಲ ಅದು ಸರಿಯಿಲ್ಲ ಎಂದು ಛಾಟು ತೆಗೆದು, ಉಳಿದದ್ದಕ್ಕಷ್ಟೇ ಕೂಲಿ ಕೊಡುವ ರೀತಿಯನ್ನು ಅವಳ ಅಜ್ಜಿ ಕಂಡಿದ್ದಾಳೆ. ಆನ್‌ಲೈನ್ ಲೇಬಲಿಂಗ್‌ನಲ್ಲೂ ರಿಜೆಕ್ಟ್ ಆದದ್ದಕ್ಕೆ ಕೂಲಿ ಇಲ್ಲ, ಯಾಕೆ ರಿಜೆಕ್ಟ್ ಆಯಿತು ಎಂದು ಕೇಳಲು ಎದುರಿಗೆ ಮನುಷ್ಯನೂ ಇಲ್ಲ. ನಿಪ್ಪಾಣಿಯ ಹೆಂಗಸರು ಸುಭಾಷ ಜೋಶಿಯವರ ಜೊತೆ ಸೇರಿ ಚಿಕ್ಕೋಡಿ ತಾಲೂಕಾ ಕಾಮಗಾರ ಮಹಾಸಂಘ ಕಟ್ಟಿ ಬೀದಿಗಿಳಿದ ಮೇಲೆ ಅಲ್ಲಿ ಒಂದಿಷ್ಟು ಸರಿಹೋಯಿತು. ಪರದೆಯ ಹಿಂದಿನ ಮಾಲೀಕನ ಮುಂದೆ ಯಾರು ಯಾವ ಬೀದಿಗಿಳಿಯಬೇಕು? ಕೈಖರ್ಚಿಗೆ ಮಾಡು, ಆದರೆ ಅದನ್ನೇ ಡೇಟಾ ಸೈನ್ಸ್ ಅನುಭವ ಎಂದು ರೆಸ್ಯುಮೆಯ ತಲೆಯ ಮೇಲೆ ಬರೆಯಬೇಡ.

"ಇನ್ನ ಎಐ ಬಂದೈತಿ, ಕೋಡ್ ಅದೇ ಬರೀತೈತಿ, ನಮಗೇನ್ ಉಳೀತು ಸರ?" ಹೌದು, ಹೊಸಬರಿಗೆ ಕೊಡುತ್ತಿದ್ದ ಸಣ್ಣ ಕೆಲಸ ಕಡಿಮೆಯಾಗಿದೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮೊದಲು ಐದು ಜನ ಬರೆಯುತ್ತಿದ್ದ ರಿಪೋರ್ಟನ್ನು ಈಗ ಇಬ್ಬರು ಮುಗಿಸುತ್ತಾರೆ. ಆದರೆ ಚೀಲದ ಕಾಲಂ ಕೊಟ್ಟು ರಿಕವರಿ ಕೇಳಿದರೆ ಯಂತ್ರವೂ 99 ಪ್ರತಿಶತ ಎಂದು ಹಿಗ್ಗಿ ಹೇಳುವ ಸಂಭವವೇ ಹೆಚ್ಚು. ತಡೆದು ನಿಲ್ಲಿಸುವವನು ಒಬ್ಬ ಬೇಕು, ಆ ಇಬ್ಬರಲ್ಲಿ ಅವನು ಒಬ್ಬ. ಸಂದರ್ಶನದಲ್ಲಿ ಪಕ್ಕದ ಪರದೆ ನೋಡಿ ಉತ್ತರ ಓದುವ ಆಟವೂ ಬಹಳ ದಿನ ನಡೆಯುವುದಿಲ್ಲ. ಗೂಗಲ್ ಕೂಡ 2025ರಲ್ಲಿ ಕನಿಷ್ಠ ಒಂದು ಸುತ್ತನ್ನು ಮತ್ತೆ ಎದುರುಬದುರು ಮಾಡುವುದಾಗಿ ಹೇಳಿತು. ಮಾರ್ಕರ್ ಕೊಟ್ಟು ಬೋರ್ಡಿನ ಮುಂದೆ ನಿಲ್ಲಿಸಿದರೆ ನಿನ್ನ ತಲೆಯಲ್ಲಿರುವುದಷ್ಟೇ ಕೈಗೆ ಬರುತ್ತದೆ.

ಬಿ.ಇ. ಸಿಗದವರು ಮುಖ ಸಣ್ಣ ಮಾಡಿಕೊಳ್ಳುತ್ತಾರೆ, ನನಗೆ ಅದು ಅರ್ಥವಾಗುವುದಿಲ್ಲ. ಅಥಣಿಯಲ್ಲೋ ಚಿಕ್ಕೋಡಿಯಲ್ಲೋ ಬಿ.ಎಸ್ಸಿ. ಮುಗಿಸಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೋ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲೋ ಎಂ.ಎಸ್ಸಿ. ಸಂಖ್ಯಾಶಾಸ್ತ್ರ ಮಾಡಿದ ಹುಡುಗಿಯನ್ನು ಬ್ಯಾಂಕು, ವಿಮೆ, ಔಷಧ ಕಂಪನಿಗಳು ಗೌರವದಿಂದ ಕರೆಯುತ್ತವೆ. (ನನ್ನ ವಿಷಯದ ಪಕ್ಷಪಾತ ಇದರಲ್ಲಿದೆ, ಇರಲಿ.) ಸಂಖ್ಯಾಶಾಸ್ತ್ರ ಓದಿದವರಿಗೆ ಯುಪಿಎಸ್‌ಸಿ ನಡೆಸುವ ಭಾರತೀಯ ಸಾಂಖ್ಯಿಕ ಸೇವೆಯ ಪರೀಕ್ಷೆ ಇದೆ, ನಮ್ಮ ಕಡೆಯವರು ಅದರ ಹೆಸರೂ ಕೇಳಿರುವುದಿಲ್ಲ. ಐಐಟಿ ಮದ್ರಾಸಿನ ಬಿ.ಎಸ್. ಡೇಟಾ ಸೈನ್ಸ್ ಪದವಿಯನ್ನು ಮನೆಯಲ್ಲಿ ಕುಳಿತು ಓದಬಹುದು, ಜೆಇಇ ಬೇಕಿಲ್ಲ, ನಾಲ್ಕು ವಾರದ ಪಾಠದ ಮೇಲೆ ನಡೆಯುವ ಅರ್ಹತಾ ಪರೀಕ್ಷೆ ದಾಟಬೇಕು. ಕಡಿಮೆ ವರಮಾನದ ಮನೆಯವರಿಗೆ ಫೀಯಲ್ಲಿ ದೊಡ್ಡ ರಿಯಾಯಿತಿಯೂ ಇದೆ. ಧಾರವಾಡದ ಐಐಐಟಿಯಲ್ಲಿ ಡೇಟಾ ಸೈನ್ಸ್ ಮತ್ತು ಎಐ ಬಿ.ಟೆಕ್ ಇದೆ. ಬಿ.ಇ. ಮುಗಿಸಿದವರಿಗೆ 2024ರಿಂದ ಗೇಟ್ ಪರೀಕ್ಷೆಯಲ್ಲಿ ಇದಕ್ಕೇ ಬೇರೆ ಪೇಪರ್ ಬಂದಿದೆ.

ನೌಕರಿ ಎಂದರೆ ಬೆಂಗಳೂರು ಎಂಬ ಹಟವನ್ನೂ ಬಿಡು. ನಿಪ್ಪಾಣಿಯಿಂದ ಪುಣೆ ಬೆಂಗಳೂರಿನ ಅರ್ಧ ದೂರವೂ ಇಲ್ಲ, ಹೆದ್ದಾರಿಯಲ್ಲಿ ರಾತ್ರಿ ಹೊರಟರೆ ಬೆಳಗಿಗೆ ಅಲ್ಲಿರುತ್ತೀ. ರಾಯಬಾಗ, ಕುಡಚಿಯವರಿಗೆ ಮಿರಜ ಮೇಲೆ ರೈಲೇ ಇದೆ. ನಿನಗೆ ಕನ್ನಡವೂ ಮರಾಠಿಯೂ ಬರುತ್ತದೆ, ಹಿಂದಿ ಸಿನಿಮಾ ನೋಡಿ ಕಲಿತಿದ್ದೀ. ಎರಡು ರಾಜ್ಯದ ಗಿರಾಕಿಗಳ ಡೇಟಾ ನೋಡುವ ಬ್ಯಾಂಕಿಗೆ ಇದು ಸಣ್ಣ ವಿಷಯವಲ್ಲ. ಹೆಸರಿನ ಕಾಲಂನಲ್ಲಿ ಒಬ್ಬನೇ ಮನುಷ್ಯ ಪಾಟೀಲ್, ಪಾಟೀಲ, ಪಾಟಿಲ್ ಎಂದು ಮೂರು ಸಲ ಬಂದದ್ದನ್ನು ನೀನು ಕಣ್ಣು ಮಿಟುಕಿಸುವುದರಲ್ಲಿ ಹಿಡಿಯುತ್ತೀ. ಬರದೇ ಇರುವುದು ಇಂಗ್ಲಿಷಿನಲ್ಲಿ ನಿಂತು ವಿವರಿಸುವುದು. ಅದಕ್ಕೆ ಸ್ಪೋಕನ್ ಇಂಗ್ಲಿಷ್ ಕ್ಲಾಸು ಬೇಡ. ನಿನ್ನ ಸೇತುವೆಯ ಪ್ರಾಜೆಕ್ಟನ್ನು ಮೊದಲು ಅವ್ವನಿಗೆ ಕನ್ನಡದಲ್ಲಿ ಹೇಳು. ಅವಳಿಗೆ ತಿಳಿಯುವ ಹಾಗೆ ಹೇಳಲು ಬಂದ ಮೇಲೆ, ಅದೇ ಮಾತನ್ನು ಇಂಗ್ಲಿಷಿನಲ್ಲಿ ಮೊಬೈಲಿಗೆ ಹೇಳಿ ರೆಕಾರ್ಡ್ ಮಾಡಿ ಕೇಳು. ನಾಚಿಕೆಯಾಗುತ್ತದೆ. ಮತ್ತೆ ಮಾಡು.

ಹೆಣ್ಣುಮಕ್ಕಳ ಅಪ್ಪಂದಿರಿಗೆ ಒಂದು ಮಾತು. ಮನೆಯಿಂದಲೇ ಮಾಡುವ ಕೆಲಸ ಹಿಡಿ ಎಂದು ಮಗಳಿಗೆ ಹೇಳುತ್ತೀರಿ. ಮೊದಲ ನೌಕರಿ ಹಾಗೆ ಸಿಗುವುದು ಅಪರೂಪ. ಹೊಸಬರನ್ನು ಕಂಪನಿಯವರು ಪಕ್ಕದಲ್ಲಿ ಕೂಡಿಸಿಕೊಂಡು ಕಲಿಸುತ್ತಾರೆ. ಎರಡು ವರ್ಷ ಪುಣೆಯ ಹಾಸ್ಟೆಲಿನಲ್ಲಿ ಇರಲಿ ಬಿಡ್ರಿ. ಮಗನನ್ನು ಕಳಿಸುವಾಗ ಇಷ್ಟು ಯೋಚನೆ ಮಾಡಿದಿರೇನು?

ರೆಸ್ಯುಮೆ ಒಂದೇ ಪುಟ ಇರಲಿ. ತಂದೆಯ ಹೆಸರು, ಧರ್ಮ, ಮದುವೆ ಆಗಿದೆಯೋ ಇಲ್ಲವೋ, ಹವ್ಯಾಸ ಕ್ರಿಕೆಟ್ ನೋಡುವುದು, ಇವೆಲ್ಲ ತೆಗೆದುಹಾಕು. ಹತ್ತು ಸರ್ಟಿಫಿಕೇಟಿನ ಪಟ್ಟಿ ಬೇಡ, ಎರಡು ಸಾಕು. ಗೊತ್ತಿಲ್ಲದ ಒಂದು ಪದವನ್ನೂ ಬರೆಯಬೇಡ. ಬರೆದದ್ದೆಲ್ಲ ಪ್ರಶ್ನೆಯಾಗಿ ತಿರುಗಿ ಬರುತ್ತದೆ. ಪ್ರಾಜೆಕ್ಟಿನ ಕೆಳಗೆ ಮೂರು ಸಾಲು: ಪ್ರಶ್ನೆ ಏನು, ಅಂಕಿ ಎಲ್ಲಿಂದ ತಂದೆ, ಏನು ಗೊತ್ತಾಯಿತು. ಬರೆದು ತಂದರೆ ನಾನೇ ತಿದ್ದಿಕೊಡುತ್ತೇನೆ. ಭಾನುವಾರ ಬೇಡ, ಅವತ್ತು ಮನೆ ತುಂಬ ಮೊಮ್ಮಕ್ಕಳು. ವಾರದ ನಡುವೆ ಸಂಜೆ ಐದರ ಮೇಲೆ ಬಾ, ಕಂಪ್ಯೂಟರ್ ಇದ್ದರೆ ಅದನ್ನೂ ತಾ, ಇಲ್ಲದಿದ್ದರೆ ಹಾಳೆಯಲ್ಲೇ ನೋಡೋಣ.